ಬೆರಳಿಗೆ ಓಗೊಡದ ಪರದೆ

ತೀರ್ಥಹಳ್ಳಿ ಕಡೆಯ ನಮ್ಮ ಸೋದರತ್ತೆ ಅಡಿಕೆ ಸುಲಿಯುವ ದಿನಗಳಲ್ಲಿ ಫೋನ್ ಎತ್ತುವುದೇ ಇಲ್ಲ. ಎತ್ತುವುದಿಲ್ಲ ಎಂದರೆ ಎತ್ತಲು ಆಗುವುದಿಲ್ಲ. ಮೊಬೈಲ್ ಕೂಗುತ್ತದೆ, ಪರದೆಯ ಮೇಲೆ ಹಸಿರು ಗುಂಡಿ ಕುಣಿಯುತ್ತದೆ. ಅವರು ಹೆಬ್ಬೆರಳಿನಿಂದ ಒಂದು ಸಲ ಎಳೆಯುತ್ತಾರೆ, ಎರಡು ಸಲ ಎಳೆಯುತ್ತಾರೆ, ಮೂರನೆಯ ಸಲ ಉಗುರು ಬಿಳಿಚಿಕೊಳ್ಳುವಷ್ಟು ಒತ್ತಿ ಎಳೆಯುತ್ತಾರೆ. ಅಷ್ಟು ಹೊತ್ತಿಗೆ ಕರೆ ನಿಂತುಹೋಗಿರುತ್ತದೆ. ಕಳೆದ ಕೊಯ್ಲಿನ ಹೊತ್ತಿಗೆ ನಾನು ಹೋಗಿದ್ದಾಗ, "ಇದರ ಟಚ್ ಹೋಗಿದೆ ಕಣೋ, ಬೇರೆ ಕೊಳ್ಳಬೇಕೋ ಏನೋ ನೋಡು" ಎಂದು ಕೈಗಿತ್ತರು. ನಾನು ಮುಟ್ಟಿದೆ. ಮೊಬೈಲ್ ಒಂದೇ ಸಲಕ್ಕೆ ತೆರೆದುಕೊಂಡಿತು. ಮತ್ತೆ ಅವರ ಕೈಗೆ ಕೊಟ್ಟೆ. ಮತ್ತೆ ಅದೇ ಮೌನ.

ಕೆಟ್ಟಿದ್ದು ಮೊಬೈಲ್ ಅಲ್ಲ ಎಂಬುದು ಅಲ್ಲಿಗೇ ತಿಳಿಯಿತು. ಅತ್ತೆಯ ಬೆರಳ ತುದಿಗಳು ವರ್ಷಗಟ್ಟಲೆ ಮೆಟ್ಟುಗತ್ತಿಯ ಮುಂದೆ ಕುಳಿತು ಕಪ್ಪಾಗಿ, ಜಡ್ಡುಗಟ್ಟಿ, ಒಣಗಿದ್ದವು. ಅದರ ಮೇಲೆ, ಯಾರೋ ಊರಿನ ಅಂಗಡಿಯಲ್ಲಿ ಅಂಟಿಸಿಕೊಟ್ಟ ದಪ್ಪ ಟೆಂಪರ್ಡ್ ಗ್ಲಾಸ್ ಬೇರೆ. ಆ ಗ್ಲಾಸ್ ತೆಗೆದು, ಸೆಟ್ಟಿಂಗ್ಸ್‌ನಲ್ಲಿ ಒಂದು ಆಯ್ಕೆ ಬದಲಿಸಿ, ಒದ್ದೆ ಬಟ್ಟೆಯಲ್ಲಿ ಬೆರಳು ಒರೆಸಿಕೊಂಡು ಮುಟ್ಟಲು ಹೇಳಿದೆ. ಕೆಲಸ ಮಾಡಿತು. ಹೊಸ ಮೊಬೈಲಿನ ಮಾತು ಅಲ್ಲಿಗೇ ನಿಂತಿತು.

"ಟಚ್ ಆಗುತ್ತಿಲ್ಲ" ಎಂಬ ಒಂದೇ ದೂರಿನ ಹಿಂದೆ ಹತ್ತು ಬೇರೆ ಬೇರೆ ಕಾರಣಗಳಿರುತ್ತವೆ. ಕೆಲವಕ್ಕೆ ಒಂದು ಪೈಸೆಯ ಖರ್ಚಿಲ್ಲ, ಕೆಲವಕ್ಕೆ ಡಿಸ್‌ಪ್ಲೇಯನ್ನೇ ಬದಲಿಸಬೇಕು. ಯಾವುದು ಯಾವುದೆಂದು ಗುರುತಿಸದೆ ಗಾಬರಿಯಲ್ಲಿ ಗುಂಡಿಗಳನ್ನು ಒತ್ತಿದವರು ಕಳೆದುಕೊಳ್ಳುವುದು ದುಡ್ಡನ್ನಷ್ಟೇ ಅಲ್ಲ. ಮಕ್ಕಳ ಫೋಟೊ, ತೀರಿಹೋದ ಹಿರಿಯರ ಧ್ವನಿ ಸಂದೇಶ, ಹತ್ತು ವರ್ಷಗಳ ಫೋನ್ ನಂಬರುಗಳೂ ಹೋಗುತ್ತವೆ. ಈ ಲೇಖನ ಬರೆಯಲು ಮುಖ್ಯ ಕಾರಣವೇ ಅದು.

ಪರದೆ ಒತ್ತಡವನ್ನು ಅರಿಯುವುದಿಲ್ಲ

ಮೊಬೈಲ್ ಪರದೆಯ ಗಾಜಿನ ಅಡಿಯಲ್ಲಿ ಕಣ್ಣಿಗೆ ಕಾಣದ ಒಂದು ನೇಯ್ಗೆ ಇದೆ. ವಿದ್ಯುತ್ ಹರಿಯುವ ಪಾರದರ್ಶಕ ಪದಾರ್ಥದ, ಸಾಮಾನ್ಯವಾಗಿ ಇಂಡಿಯಂ ಟಿನ್ ಆಕ್ಸೈಡ್ ಎಂಬುದರ, ತೆಳುವಾದ ಗೆರೆಗಳು ಸೀರೆಯ ಹಾಸುಹೊಕ್ಕಿನಂತೆ ಅಡ್ಡಡ್ಡ, ಉದ್ದುದ್ದ ಹಾದುಹೋಗಿರುತ್ತವೆ. ಹಾಸಿನ ಗೆರೆಗಳ ಮೂಲಕ ಒಂದು ಪುಟ್ಟ ಚಿಪ್ ವಿದ್ಯುತ್ತಿನ ಮಿಡಿತಗಳನ್ನು ಕಳಿಸುತ್ತದೆ, ಹೊಕ್ಕಿನ ಗೆರೆಗಳಲ್ಲಿ ಎಷ್ಟು ಬಂತೆಂದು ಅಳೆಯುತ್ತದೆ. ಎರಡು ಗೆರೆಗಳು ದಾಟುವ ಪ್ರತಿಯೊಂದು ಕಡೆಯಲ್ಲೂ ಒಂದು ಸಣ್ಣ ವಿದ್ಯುತ್ ಕ್ಷೇತ್ರ ನಿಂತಿರುತ್ತದೆ. ನಮ್ಮ ದೇಹದಲ್ಲಿ ನೀರೂ ಉಪ್ಪೂ ಇರುವುದರಿಂದ ಬೆರಳು ಹತ್ತಿರ ಬಂದಾಗ ಆ ಕ್ಷೇತ್ರದ ಒಂದು ಪಾಲನ್ನು ತನ್ನತ್ತ ಸೆಳೆದುಕೊಳ್ಳುತ್ತದೆ. ಆ ಜಾಗದಲ್ಲಿ ಅಳತೆ ಕಡಿಮೆಯಾಗುತ್ತದೆ. ಕಡಿಮೆಯಾದದ್ದು ಎಲ್ಲೆಂದು ಲೆಕ್ಕ ಹಾಕಿ "ಬೆರಳು ಇಲ್ಲಿದೆ" ಎಂದು ಚಿಪ್ ಹೇಳುತ್ತದೆ. ಸೆಕೆಂಡಿಗೆ 60, 120 ಅಥವಾ ಇನ್ನೂ ಹೆಚ್ಚು ಸಲ ಈ ಎಣಿಕೆ ನಡೆಯುತ್ತಲೇ ಇರುತ್ತದೆ.

ಇಲ್ಲಿ ಗಮನಿಸಬೇಕಾದದ್ದು ಆ ವ್ಯತ್ಯಾಸ ಎಷ್ಟು ಚಿಕ್ಕದು ಎಂಬುದನ್ನು. ಒಂದು ಪಿಕೋಫ್ಯಾರಡ್‌ಗಿಂತಲೂ ಕಡಿಮೆ. ವಿದ್ಯುದಾವೇಶವನ್ನು ಹಿಡಿದಿಡುವ ಸಾಮರ್ಥ್ಯವನ್ನು ಅಳೆಯುವ ಮಾನ ಫ್ಯಾರಡ್; ಒಂದು ಫ್ಯಾರಡನ್ನು ಲಕ್ಷ ಕೋಟಿ ಪಾಲು ಮಾಡಿದರೆ ಸಿಗುವುದು ಪಿಕೋಫ್ಯಾರಡ್. ಬೆರಳು ತರುವ ಬದಲಾವಣೆ ಅದರಲ್ಲೂ ಒಂದು ತುಣುಕು. ಇಷ್ಟು ಸಣ್ಣ ಸುಳಿವನ್ನು ಹಿಡಿಯುವ ವ್ಯವಸ್ಥೆಗೆ ಸ್ವಲ್ಪ ದಪ್ಪನೆಯ ಗಾಜು, ಒಂದು ಹನಿ ನೀರು, ಕಳಪೆ ಚಾರ್ಜರಿನ ಗದ್ದಲ, ಯಾವುದಾದರೂ ಸಾಕು ದಾರಿ ತಪ್ಪಲು.

ಈ ಬಗೆಯ ಪರದೆಯ ಕಲ್ಪನೆ ಮೊಬೈಲಿಗಿಂತ ಬಹಳ ಹಳೆಯದು. ಇಂಗ್ಲೆಂಡಿನ ಮಾಲ್ವರ್ನ್‌ನಲ್ಲಿದ್ದ ರಾಯಲ್ ರೇಡಾರ್ ಎಸ್ಟಾಬ್ಲಿಷ್‌ಮೆಂಟ್‌ನ ಇ. ಎ. ಜಾನ್ಸನ್ ವಿಮಾನ ಸಂಚಾರ ನಿಯಂತ್ರಕರ ಅನುಕೂಲಕ್ಕೆಂದು 1965ರಲ್ಲೇ ಇದರ ಬಗ್ಗೆ ಬರೆದಿದ್ದರು. ಜನಸಾಮಾನ್ಯರ ಕೈಗೆ ಬಂದದ್ದು 2007ರ ಐಫೋನಿನ ಹೊತ್ತಿಗೆ. ಅದರ ಆಚೀಚೆ ನಮ್ಮಲ್ಲಿ ಓಡಾಡುತ್ತಿದ್ದ ನೋಕಿಯಾ 5233ರಂಥ ಮೊಬೈಲ್‌ಗಳ ಪರದೆ ಬೇರೆ ಜಾತಿಯದು. ಅದರಲ್ಲಿ ಎರಡು ಪದರಗಳ ನಡುವೆ ಸಣ್ಣ ಅಂತರವಿದ್ದು, ಒತ್ತಿದಾಗ ಒಂದಕ್ಕೊಂದು ತಾಗುತ್ತಿದ್ದವು. ಉಗುರಿನಿಂದ ಒತ್ತಿದರೂ ಕೆಲಸ ಮಾಡುತ್ತಿತ್ತು. ಹಿರಿಯರಲ್ಲಿ ಹಲವರು ಇಂದಿಗೂ ಪರದೆಯನ್ನು ಬಲವಾಗಿ ಒತ್ತುವುದು ಆ ಕಾಲದ ಕೈ ಅಭ್ಯಾಸದಿಂದ. ಈಗಿನ ಪರದೆಯನ್ನು ಜೋರಾಗಿ ಒತ್ತಿದರೆ ಬೆರಳ ತುದಿ ಚಪ್ಪಟೆಯಾಗಿ ಸ್ವಲ್ಪ ಹೆಚ್ಚು ಜಾಗ ಮುಟ್ಟುತ್ತದೆ, ಸಿಗುವ ಲಾಭ ಅಷ್ಟೇ. ಬಿರುಕು ಬಿಟ್ಟ ಗಾಜಿದ್ದರೆ ನಷ್ಟವೇ ಹೆಚ್ಚು.

ನಂಬಿಕೆ ಬರದಿದ್ದರೆ ಅಡುಗೆಮನೆಯಲ್ಲೇ ಪರೀಕ್ಷಿಸಬಹುದು. ಪ್ಲಾಸ್ಟಿಕ್ ಪೆನ್ನಿನ ಮುಚ್ಚಳದಿಂದ ಪರದೆಯನ್ನು ಎಷ್ಟು ಒತ್ತಿದರೂ ಏನೂ ಆಗುವುದಿಲ್ಲ. ಬಾಳೆಹಣ್ಣನ್ನು ಸುಲಿದು ಕೈಯಲ್ಲಿ ಹಿಡಿದು ಅದರ ತುದಿಯನ್ನು ಮೆಲ್ಲಗೆ ತಾಗಿಸಿದರೆ ಪರದೆ ಸರಿಯುತ್ತದೆ. ಹಣ್ಣಿನಲ್ಲಿ ನೀರಿದೆ, ಅದು ನಿಮ್ಮ ಕೈಗೆ ತಗುಲಿದೆ, ಪರದೆಗೆ ಅಷ್ಟು ಸಾಕು.

ಈ ಒಂದು ತಿಳಿವಳಿಕೆಯಿಂದ ಅರ್ಧಕ್ಕರ್ಧ ಸಮಸ್ಯೆಗಳು ಬಿಡಿಸಿಕೊಳ್ಳುತ್ತವೆ. ಜಡ್ಡುಗಟ್ಟಿದ ಚರ್ಮ ಒಣಗಿರುತ್ತದೆ, ಜೀವಂತ ಅಂಗಾಂಶವನ್ನು ಪರದೆಯಿಂದ ದೂರ ಇಡುತ್ತದೆ. ಕಲ್ಲು, ಸಿಮೆಂಟು, ಮರದ ಕೆಲಸ ಮಾಡುವವರಿಗೂ ಇದೇ ತೊಂದರೆ. ಹಿಟ್ಟು ಮೆತ್ತಿದ ಕೈಯದೂ ಅದೇ ಕಥೆ. ಒದ್ದೆ ಪರದೆಯಲ್ಲಿ ಇದರ ತದ್ವಿರುದ್ಧ: ನೀರಿನ ಹನಿಯೇ ಬೆರಳಿನಂತೆ ಕಾಣಿಸಿ ಬೇಡದ ಕಡೆ ಟಚ್ ಆಗುತ್ತದೆ, ಇಲ್ಲವೇ ಇಷ್ಟೊಂದು ಬೆರಳುಗಳು ಒಟ್ಟಿಗೆ ಎಲ್ಲಿಂದ ಬಂದವೆಂದು ಚಿಪ್ ಎಲ್ಲವನ್ನೂ ತಳ್ಳಿಹಾಕುತ್ತದೆ. ಮಳೆಯಲ್ಲಿ ನಿಂತು ಆಟೊ ಹುಡುಕುವಾಗ ಆಗುವುದು ಇದೇ. ಹತ್ತಿ ಬಟ್ಟೆಯಲ್ಲಿ ಪರದೆ, ಬೆರಳು ಎರಡನ್ನೂ ಒರೆಸಿದರೆ ಮುಗಿಯಿತು.

ಟೆಂಪರ್ಡ್ ಗ್ಲಾಸ್ ಅಂಟಿಸಿದ ಮೇಲೆ ತೊಂದರೆ ಶುರುವಾಗಿದ್ದರೆ ಅನುಮಾನವೇ ಬೇಡ, ಅದನ್ನು ತೆಗೆದು ನೋಡಿ. ಅಂಚಿನಲ್ಲಿ ಗಾಳಿ ಸೇರಿಕೊಂಡಿದ್ದರೆ ಅಂಚಿನ ಅಕ್ಷರಗಳೇ ಟೈಪ್ ಆಗುವುದಿಲ್ಲ. ಗ್ಲಾಸ್ ಬೇಕೇಬೇಕು ಎನ್ನುವವರಿಗೆ ಸ್ಯಾಮ್‌ಸಂಗ್ ಮೊಬೈಲ್‌ಗಳ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ "ಟಚ್ ಸೆನ್ಸಿಟಿವಿಟಿ", ಗೂಗಲ್ ಪಿಕ್ಸೆಲ್‌ನಲ್ಲಿ "ಸ್ಕ್ರೀನ್ ಪ್ರೊಟೆಕ್ಟರ್ ಮೋಡ್" ಎಂಬ ಆಯ್ಕೆಗಳಿವೆ. ಬೇರೆ ಕೆಲವು ಕಂಪನಿಗಳು ಇದನ್ನು ಕೈಗವಸಿನ ಹೆಸರಿನಲ್ಲಿ ಕೊಟ್ಟಿವೆ. ಆನ್ ಮಾಡಿದರೆ ಪರದೆ ಇನ್ನೂ ಸಣ್ಣ ಸುಳಿವನ್ನೂ ಬೆರಳೆಂದು ಒಪ್ಪಿಕೊಳ್ಳುತ್ತದೆ. ಅತ್ತೆಯ ಮೊಬೈಲಿನಲ್ಲಿ ನಾನು ಬದಲಿಸಿದ್ದು ಇದನ್ನೇ.

ಹ್ಯಾಂಗ್ ಆಗಿದೆಯೋ, ಟಚ್ ನಿಂತಿದೆಯೋ?

ಬೆರಳು, ಗಾಜು, ನೀರು ಯಾವುದೂ ಕಾರಣವಲ್ಲ ಎಂದಾದರೆ ಮುಂದಿನ ಪ್ರಶ್ನೆ ಇದು. ಎರಡೂ ಹೊರಗಿನಿಂದ ಒಂದೇ ತರಹ ಕಾಣುತ್ತವೆ. ಆದರೆ ಒಂದರಲ್ಲಿ ಮೊಬೈಲಿನ ಮಿದುಳೇ ಸ್ತಬ್ಧವಾಗಿದೆ, ಇನ್ನೊಂದರಲ್ಲಿ ಮಿದುಳು ಎಚ್ಚರವಾಗಿದ್ದು ಚರ್ಮಕ್ಕೆ ಮಾತ್ರ ಸ್ಪರ್ಶವಿಲ್ಲ.

ಪವರ್ ಗುಂಡಿಯನ್ನು ಒಮ್ಮೆ ಒತ್ತಿ. ಪರದೆ ಆರಿ ಮತ್ತೆ ಬೆಳಗುತ್ತದೆಯೇ? ವಾಲ್ಯೂಮ್ ಗುಂಡಿ ಒತ್ತಿದರೆ ಪಟ್ಟಿ ಕಾಣಿಸಿಕೊಳ್ಳುತ್ತದೆಯೇ? ಮೇಲಿನ ಗಡಿಯಾರ ಮುಂದಿನ ನಿಮಿಷಕ್ಕೆ ಹೋಯಿತೇ? ಬೇರೆ ಫೋನಿನಿಂದ ಕರೆ ಮಾಡಿದರೆ ರಿಂಗಾಗುತ್ತದೆಯೇ? ಇವೆಲ್ಲ ಆಗುತ್ತಿದ್ದರೆ ಮೊಬೈಲ್ ಚೆನ್ನಾಗಿಯೇ ಇದೆ, ನಿಂತಿರುವುದು ಟಚ್. ಗಡಿಯಾರವೂ ನಿಂತಿದ್ದರೆ ಅದು ಹ್ಯಾಂಗ್. (ಪವರ್ ಗುಂಡಿಯನ್ನು ಬೇಗ ಬೇಗ ಹಲವು ಸಲ ಒತ್ತಬೇಡಿ. ಎಷ್ಟೋ ಮೊಬೈಲ್‌ಗಳಲ್ಲಿ ಮೂರು ಅಥವಾ ಐದು ಸಲ ಒತ್ತಿದರೆ ತುರ್ತು ಕರೆ ಹೋಗುತ್ತದೆ. ನಿಜವಾದ ಆಪತ್ತಿನಲ್ಲಿ ಟಚ್ ಸತ್ತಿದ್ದಾಗ ಇದೇ ವರ.)

ಹ್ಯಾಂಗ್ ಆಗಿದ್ದರೆ ಬಲವಂತದ ರೀಸ್ಟಾರ್ಟ್ ಬಿಟ್ಟು ದಾರಿಯಿಲ್ಲ, ಅದರಿಂದ ಡೇಟಾಕ್ಕೆ ಅಪಾಯವೂ ಇಲ್ಲ. ಐಫೋನ್ 8 ಮತ್ತು ಆಮೇಲಿನವುಗಳಲ್ಲಿ ವಾಲ್ಯೂಮ್ ಹೆಚ್ಚಿಸುವ ಗುಂಡಿಯನ್ನು ಒತ್ತಿ ಬಿಡಿ, ತಗ್ಗಿಸುವ ಗುಂಡಿಯನ್ನು ಒತ್ತಿ ಬಿಡಿ, ಆಮೇಲೆ ಪಕ್ಕದ ಗುಂಡಿಯನ್ನು ಆಪಲ್ ಗುರುತು ಬರುವ ತನಕ ಹಿಡಿದಿರಿ. ಸ್ಯಾಮ್‌ಸಂಗ್‌ನಲ್ಲಿ ಪವರ್ ಮತ್ತು ವಾಲ್ಯೂಮ್ ತಗ್ಗಿಸುವ ಗುಂಡಿಗಳನ್ನು ಒಟ್ಟಿಗೆ ಏಳೆಂಟು ಸೆಕೆಂಡಿಗೂ ಮೀರಿ ಹಿಡಿಯಬೇಕು. ಪಿಕ್ಸೆಲ್‌ನಲ್ಲಿ ಪವರ್ ಗುಂಡಿ ಒಂದನ್ನೇ ಅರ್ಧ ನಿಮಿಷ. ಬೇರೆ ಕೆಲವದರಲ್ಲಿ ಪವರ್ ಜೊತೆಗೆ ವಾಲ್ಯೂಮ್ ಹೆಚ್ಚಿಸುವ ಗುಂಡಿ. ಮೊಬೈಲ್ ನಡುಗಿದ ಕೂಡಲೇ ಅಥವಾ ಕಂಪನಿಯ ಗುರುತು ಬಂದ ಕೂಡಲೇ ಕೈ ಬಿಡಿ.

ಕೈ ಬಿಡದೆ ಹಿಡಿದೇ ಇದ್ದರೆ ಕಪ್ಪು ಪರದೆಯ ಮೇಲೆ ಇಂಗ್ಲಿಷ್ ಸಾಲುಗಳ ಒಂದು ಪಟ್ಟಿ ಬರಬಹುದು. ಅದು ರಿಕವರಿ ಮೋಡ್, ಕೆಟ್ಟ ಮೊಬೈಲನ್ನು ಸರಿಪಡಿಸಲೆಂದು ಇರುವ ಪುಟ. ಹೆದರಬೇಕಿಲ್ಲ, ಆದರೆ ಎಚ್ಚರ ಬೇಕು. ಅಲ್ಲಿ ವಾಲ್ಯೂಮ್ ಗುಂಡಿಗಳಿಂದ ಸಾಲು ಬದಲಾಗುತ್ತದೆ, ಪವರ್ ಗುಂಡಿಯಿಂದ ಆಯ್ಕೆಯಾಗುತ್ತದೆ. ಮೊದಲ ಸಾಲು "ರೀಬೂಟ್ ಸಿಸ್ಟಮ್ ನೌ", ಅದನ್ನೇ ಆರಿಸಿ. ಸ್ವಲ್ಪ ಕೆಳಗೆ "ವೈಪ್ ಡೇಟಾ" ಅಥವಾ "ಫ್ಯಾಕ್ಟರಿ ರೀಸೆಟ್" ಎಂಬ ಸಾಲಿರುತ್ತದೆ. ಟಚ್ ಸರಿಹೋಗಲೆಂದು ಅದನ್ನು ಒತ್ತಿದವರನ್ನು ನಾನು ಕಂಡಿದ್ದೇನೆ. ಎಲ್ಲವೂ ಅಳಿಸಿಹೋಗುತ್ತದೆ, ಟಚ್ ಗೆರೆಗಳು ತುಂಡಾಗಿದ್ದರೆ ಅವು ತುಂಡಾಗಿಯೇ ಉಳಿಯುತ್ತವೆ. ಮೇಲಿಂದ, ಮತ್ತೆ ತೆರೆದಾಗ ಹಳೆಯ ಗೂಗಲ್ ಖಾತೆಯ ಗುಪ್ತಪದ ಕೇಳುತ್ತದೆ. ಸತ್ತ ಪರದೆಯ ಮೇಲೆ ಅದನ್ನು ಟೈಪ್ ಮಾಡುವುದು ಹೇಗೆ?

ರೀಸ್ಟಾರ್ಟ್‌ಗೆ ಮುನ್ನ

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ನಿಂತಿರುವುದು ಟಚ್ ಮಾತ್ರ, ಮೊಬೈಲ್ ಎಚ್ಚರವಾಗಿದೆ ಎಂದು ಖಚಿತವಾದರೆ ರೀಸ್ಟಾರ್ಟ್ ಮಾಡಲು ಆತುರಪಡಬೇಡಿ.

ಕಾರಣ ಇದು. ನಿಮ್ಮ ಮೊಬೈಲ್ ಬೆರಳಚ್ಚಿಗೆ ಅಥವಾ ಮುಖಕ್ಕೆ ತೆರೆದುಕೊಳ್ಳುವುದು ಒಮ್ಮೆ ಪಿನ್ ಹಾಕಿ ತೆರೆದ ಮೇಲೆ ಮಾತ್ರ. ಆಫ್ ಆಗಿ ಮತ್ತೆ ಆನ್ ಆದ ಮೊಬೈಲ್ ಬೆರಳಚ್ಚನ್ನು ಒಪ್ಪುವುದಿಲ್ಲ, ಪಿನ್ ಅಥವಾ ಪ್ಯಾಟರ್ನನ್ನೇ ಕೇಳುತ್ತದೆ. ಅದನ್ನು ಹಾಕುವ ತನಕ ಒಳಗಿನ ಫೋಟೊ, ಸಂದೇಶ, ಸಂಪರ್ಕ ಪಟ್ಟಿ ಎಲ್ಲವೂ ಗೂಢಲಿಪಿಯಲ್ಲಿ ಬೀಗ ಹಾಕಿಕೊಂಡಿರುತ್ತವೆ. ಈ ಸ್ಥಿತಿಯಲ್ಲಿ ಯಾರಾದರೂ ಕರೆ ಮಾಡಿದರೆ ಗಮನಿಸಿ: ಹೆಸರು ಬರುವುದಿಲ್ಲ, ಬರಿಯ ನಂಬರ್ ಬರುತ್ತದೆ. ಮನೆಯವರ ಹೆಸರೂ ಮೊಬೈಲಿಗೆ ಗೊತ್ತಿಲ್ಲದಷ್ಟು ಗಟ್ಟಿಯಾದ ಬೀಗ ಅದು. ಕಳ್ಳರಿಂದ ಕಾಪಾಡಲು ಮಾಡಿದ ವ್ಯವಸ್ಥೆ, ಆದರೆ ಪರದೆ ಸತ್ತ ಹೊತ್ತಿನಲ್ಲಿ ಮಾಲೀಕರನ್ನೂ ಹೊರಗೆ ನಿಲ್ಲಿಸುತ್ತದೆ. ರೀಸ್ಟಾರ್ಟ್‌ಗೆ ಮೊದಲು ಬೆರಳಚ್ಚಿನಿಂದ ತೆರೆಯುತ್ತಿದ್ದ ಮೊಬೈಲನ್ನು ನಾವೇ ನಮ್ಮ ಕೈಯಾರೆ ಮುಚ್ಚಿದಂತಾಗುತ್ತದೆ.

ಆದ್ದರಿಂದ ಅರ್ಧ ಪರದೆಯಾದರೂ ಕೆಲಸ ಮಾಡುತ್ತಿದ್ದರೆ, ಅಥವಾ ಟಚ್ ಬಂದುಹೋಗಿ ಮಾಡುತ್ತಿದ್ದರೆ, ಮೊದಲು ಬ್ಯಾಕಪ್. ದುರಸ್ತಿಯ ಯೋಚನೆ ಆಮೇಲೆ. ಮೊಬೈಲನ್ನು ಅಡ್ಡ ತಿರುಗಿಸಿದರೆ ಸತ್ತ ಜಾಗದಲ್ಲಿದ್ದ ಗುಂಡಿ ಬದುಕಿರುವ ಜಾಗಕ್ಕೆ ಬರುತ್ತದೆ ಎಂಬುದು ಸಣ್ಣ ಉಪಾಯವಾದರೂ ಎಷ್ಟೋ ಸಲ ಕೆಲಸಕ್ಕೆ ಬಂದಿದೆ. ವಾಟ್ಸ್‌ಆ್ಯಪ್ ಬ್ಯಾಕಪ್, ಫೋಟೊಗಳು, ಸಂಪರ್ಕ ಪಟ್ಟಿ: ಈ ಮೂರು ಮುಗಿದರೆ ಉಸಿರಾಡಬಹುದು.

ಪೂರ್ತಿ ಸತ್ತಿದ್ದರೆ ಕಂಪ್ಯೂಟರಿನ ಮೌಸ್ ತನ್ನಿ. ಹಾಸ್ಯವಲ್ಲ. ಟೈಪ್-ಸಿ ಬಾಯಿಯ ಒಂದು ಚಿಕ್ಕ ಒಟಿಜಿ ಅಡಾಪ್ಟರ್ ಯಾವ ಮೊಬೈಲ್ ಅಂಗಡಿಯಲ್ಲೂ ಕಡಿಮೆ ಬೆಲೆಗೆ ಸಿಗುತ್ತದೆ. ಅದನ್ನು ಚಾರ್ಜಿಂಗ್ ಕಿಂಡಿಗೆ ಸಿಕ್ಕಿಸಿ, ಮೌಸಿನ ತಂತಿಯನ್ನು ಅದಕ್ಕೆ ಸಿಕ್ಕಿಸಿದರೆ ಎರಡು ಕ್ಷಣದಲ್ಲಿ ಪರದೆಯ ನಟ್ಟನಡುವೆ ಪುಟ್ಟ ಬಾಣದ ಗುರುತು ಮೂಡುತ್ತದೆ. ಮೌಸ್ ಸರಿಸಿದಂತೆ ಅದು ಸರಿಯುತ್ತದೆ, ಕ್ಲಿಕ್ ಮಾಡಿದರೆ ಬೆರಳಿನಿಂದ ಮುಟ್ಟಿದ್ದಕ್ಕೆ ಸಮ, ಒತ್ತಿ ಎಳೆದರೆ ಪ್ಯಾಟರ್ನ್ ಕೂಡ ಬಿಡಿಸಬಹುದು. ಮೂರು ದಿನ ಸುಮ್ಮನೆ ಮೇಜಿನ ಮೇಲೆ ಬಿದ್ದಿದ್ದ ಮೊಬೈಲಿನಲ್ಲಿ ಆ ಬಾಣ ಕಾಣಿಸಿದಾಗ ಅದರ ಒಡತಿಯ ಮುಖದಲ್ಲಿ ಮೂಡಿದ ಸಮಾಧಾನವನ್ನು ನಾನು ಮರೆತಿಲ್ಲ. ಚಾರ್ಜಿಂಗ್ ಕಿಂಡಿ ಮೌಸಿಗೆ ಹೋಗುವುದರಿಂದ ಮೊದಲೇ ಚಾರ್ಜ್ ತುಂಬಿಸಿಕೊಳ್ಳಿ. ಕೆಲವು ಕಂಪನಿಗಳ ಮೊಬೈಲಿನಲ್ಲಿ ಒಟಿಜಿಯನ್ನು ಸೆಟ್ಟಿಂಗ್ಸ್‌ನಲ್ಲಿ ಆನ್ ಮಾಡಿರಬೇಕಾಗುತ್ತದೆ. ನಿಮ್ಮದು ಅಂಥದ್ದೇ ಎಂದು ಇಂದೇ ನೋಡಿಕೊಳ್ಳುವುದು ಒಳ್ಳೆಯದು, ಟಚ್ ಹೋದ ದಿನ ನೋಡಲು ಆಗುವುದಿಲ್ಲ.

ಐಫೋನಿನಲ್ಲಿ ಇನ್ನೊಂದು ದಾರಿಯಿದೆ. 2019ರ ಐಒಎಸ್ 13ರಿಂದ "ವಾಯ್ಸ್ ಕಂಟ್ರೋಲ್" ಎಂಬ ಸೌಲಭ್ಯ ಬಂದಿದೆ. ಅದನ್ನು ಆನ್ ಮಾಡುವಂತೆ ಐಫೋನಿನ ಧ್ವನಿ ಸಹಾಯಕಿ "ಸಿರಿ"ಗೆ ಬಾಯಿಯಲ್ಲೇ ಹೇಳಬಹುದು; ಆಮೇಲೆ ಇಂಗ್ಲಿಷಿನಲ್ಲಿ ಹೇಳುತ್ತ ಹೋದಂತೆ ಆ್ಯಪ್ ತೆರೆಯುತ್ತದೆ, ಪರದೆ ಸರಿಯುತ್ತದೆ.

ಬ್ಯಾಂಕಿನ ಒಟಿಪಿಗೆ ಕಾದು ಕುಳಿತವರಿಗೆ ಇಷ್ಟೆಲ್ಲ ಬೇಕಿಲ್ಲ. ಸಿಮ್ ತೆಗೆದು ಮನೆಯಲ್ಲಿರುವ ಯಾವುದಾದರೂ ಹಳೆಯ ಮೊಬೈಲಿಗೆ ಹಾಕಿದರೆ ಕರೆ, ಸಂದೇಶ ಎರಡೂ ಅಲ್ಲಿಗೆ ಬರುತ್ತವೆ.

ಚಾರ್ಜರ್ ಹಾಕಿದಾಗ ಮಾತ್ರ

"ರಾತ್ರಿ ಹೊತ್ತು ಮೊಬೈಲ್ ತಾನಾಗಿಯೇ ಓಡುತ್ತದೆ, ಯಾರೋ ಹ್ಯಾಕ್ ಮಾಡಿದ್ದಾರೆ" ಎಂದು ಭಯಪಟ್ಟ ಪರಿಚಿತರೊಬ್ಬರ ಮನೆಗೆ ಹೋಗಿದ್ದೆ. ಮಂಚದ ಪಕ್ಕ ಚಾರ್ಜಿಗೆ ಹಾಕಿದ್ದ ಮೊಬೈಲಿನಲ್ಲಿ ಕೀಬೋರ್ಡ್ ತೆರೆದುಕೊಂಡು "ಪ" ಸಾಲಿನ ಅಕ್ಷರಗಳು ಒಂದರ ಹಿಂದೊಂದು ಬೀಳುತ್ತಿದ್ದವು. ಯಾರೂ ಮುಟ್ಟಿರಲಿಲ್ಲ. ನಾನು ಚಾರ್ಜರಿನ ತಂತಿಯನ್ನು ಕಿತ್ತೆ. ಅಕ್ಷರಗಳು ಅಲ್ಲಿಗೇ ನಿಂತವು. ಮತ್ತೆ ಸಿಕ್ಕಿಸಿದೆ, ಮತ್ತೆ ಶುರು. ಬೇರೆ ಚಾರ್ಜರ್ ಹಾಕಿದೆ, ಏನೂ ಇಲ್ಲ.

ಚಾರ್ಜರ್ ಮನೆಯ ವಿದ್ಯುತ್ತನ್ನು ಸೆಕೆಂಡಿಗೆ ಸಾವಿರಾರು ಸಲ ಕಡಿದು ಜೋಡಿಸಿ ಕಡಿಮೆ ವೋಲ್ಟೇಜಿಗೆ ಇಳಿಸುತ್ತದೆ. ಈ ಕಡಿತದ ಗದ್ದಲವನ್ನು ಒಳ್ಳೆಯ ಚಾರ್ಜರ್ ತನ್ನೊಳಗೇ ಸೋಸಿಕೊಳ್ಳುತ್ತದೆ. ಕಳಪೆಯದರಲ್ಲಿ ಸೋಸುವ ಭಾಗವೇ ಇರುವುದಿಲ್ಲ, ಅಥವಾ ಇದ್ದರೂ ನೆಪಕ್ಕೆ. ಎರಡು ಪಿನ್ನಿನ ಚಾರ್ಜರಿಗೆ ಅರ್ಥಿಂಗ್ ಇಲ್ಲದ್ದರಿಂದ ಗದ್ದಲ ಹರಿದುಹೋಗಲು ಬೇರೆ ದಾರಿಯಿಲ್ಲದೆ ಇಡೀ ಮೊಬೈಲ್ ಆ ಏರಿಳಿತದಲ್ಲಿ ತೂಗುತ್ತದೆ. ಪಿಕೋಫ್ಯಾರಡಿನ ತುಣುಕನ್ನು ಅಳೆಯುತ್ತ ಕುಳಿತ ಚಿಪ್ಪಿಗೆ ಆ ಏರಿಳಿತವೂ ಬೆರಳಿನಂತೆಯೇ ಕಾಣುತ್ತದೆ, ಇಲ್ಲವೇ ನಿಜವಾದ ಬೆರಳು ಗದ್ದಲದಲ್ಲಿ ಮುಳುಗಿಹೋಗುತ್ತದೆ. ಇಂಥ ಭೂತದ ಬೆರಳಿಗೆ ದುರಸ್ತಿಯವರು ಗೋಸ್ಟ್ ಟಚ್ ಎನ್ನುತ್ತಾರೆ. ಅದೇ ಬೆರಳು ಲಾಕ್ ಪರದೆಯ ಮೇಲೆ ತಪ್ಪು ಪಿನ್ ಒತ್ತುತ್ತಾ ಹೋದರೆ ಮೊಬೈಲ್ ಬೀಗ ಹಾಕಿಕೊಳ್ಳುತ್ತದೆ. ತಪ್ಪು ಹೆಚ್ಚಿದಂತೆ ಕಾಯಬೇಕಾದ ಹೊತ್ತೂ ಹೆಚ್ಚುತ್ತದೆ.

ಚಾರ್ಜರ್ ಕೊಳ್ಳುವಾಗ ಅದರ ಮೇಲೆ ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಗುರುತು ಮತ್ತು ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇದೆಯೇ ನೋಡಿ. ನಮ್ಮ ದೇಶದಲ್ಲಿ ಮೊಬೈಲ್ ಚಾರ್ಜರಿಗೆ ಅದು ಕಡ್ಡಾಯ. ಟಚ್ ಮಾತ್ರವಲ್ಲ, ಜೀವದ ಪ್ರಶ್ನೆಯೂ ಇದರಲ್ಲಿದೆ.

ಸಾಫ್ಟ್‌ವೇರಿನ ತಪ್ಪುಗಳ ಬಗ್ಗೆ ಚುಟುಕಾಗಿ ಹೇಳಿಬಿಡುತ್ತೇನೆ. ಹೊಸ ಆ್ಯಪ್ ಹಾಕಿದ ಮೇಲೆ ತೊಂದರೆ ಬಂದಿದ್ದರೆ ಸೇಫ್ ಮೋಡ್‌ನಲ್ಲಿ ತೆರೆದು ನೋಡಿ. ಸ್ಯಾಮ್‌ಸಂಗ್, ಪಿಕ್ಸೆಲ್ ಎರಡರಲ್ಲೂ ಮೊಬೈಲ್ ಆನ್ ಆಗುತ್ತಾ ಗುರುತು ಮೂಡಿದಾಗ ವಾಲ್ಯೂಮ್ ತಗ್ಗಿಸುವ ಗುಂಡಿಯನ್ನು ಹಿಡಿದಿದ್ದರೆ ಸಾಕು. ಆ ಮೋಡ್‌ನಲ್ಲಿ ನೀವು ಹಾಕಿಕೊಂಡ ಆ್ಯಪ್‌ಗಳು ಓಡುವುದಿಲ್ಲ. ಅಲ್ಲಿ ಟಚ್ ಸರಿಯಿದ್ದರೆ ತಪ್ಪು ಯಾವುದೋ ಆ್ಯಪಿನದು. ಮೆಮೊರಿ ತುಂಬಿ ತುಳುಕುವ ಮೊಬೈಲ್ ಕೂಡ ಟಚ್ಚಿಗೆ ತಡವಾಗಿ ಉತ್ತರಿಸುತ್ತದೆ.

ಗೆರೆ ಎಳೆದು ನೋಡುವುದು

ಇನ್ನು ಉಳಿದದ್ದು ಯಂತ್ರಭಾಗ. ಅಂಗಡಿಗೆ ಹೋಗುವ ಮುನ್ನ ಮನೆಯಲ್ಲೇ ಒಂದು ಪರೀಕ್ಷೆ ಮಾಡಿಕೊಳ್ಳಿ. ಆಂಡ್ರಾಯ್ಡ್ ಮೊಬೈಲಿನ ಸೆಟ್ಟಿಂಗ್ಸ್‌ನಲ್ಲಿ "ಅಬೌಟ್ ಫೋನ್" ಒಳಗಿರುವ "ಬಿಲ್ಡ್ ನಂಬರ್" ಮೇಲೆ ಏಳು ಸಲ ಮುಟ್ಟಿದರೆ ಡೆವಲಪರ್ ಆಪ್ಷನ್ಸ್ ತೆರೆಯುತ್ತದೆ. ಅಲ್ಲಿ "ಪಾಯಿಂಟರ್ ಲೊಕೇಶನ್" ಆನ್ ಮಾಡಿದರೆ ಬೆರಳು ಹೋದ ದಾರಿಯಲ್ಲೆಲ್ಲ ಗೆರೆ ಮೂಡುತ್ತದೆ. ಗದ್ದೆ ಉಳುವಂತೆ ಮೇಲಿನಿಂದ ಕೆಳಕ್ಕೆ, ಎಡದಿಂದ ಬಲಕ್ಕೆ ಸಾಲು ಸಾಲಾಗಿ ಬೆರಳೆಳೆಯಿರಿ. ಸ್ಯಾಮ್‌ಸಂಗ್ ಇದ್ದರೆ ಡಯಲ್ ಮಾಡುವಲ್ಲಿ *#0*# ಒತ್ತಿದರೂ ಪರೀಕ್ಷೆಯ ಪುಟ ಬರುತ್ತದೆ.

ಗೆರೆ ಎಲ್ಲಿ ಕಡಿಯಿತು ಎಂಬುದೇ ರೋಗದ ಗುರುತು. ಒಂದು ನೇರ ಪಟ್ಟಿಯುದ್ದಕ್ಕೂ ಕಡಿದಿದ್ದರೆ ನೇಯ್ಗೆಯ ಎಳೆಗಳೇ ತುಂಡಾಗಿವೆ. ಬಿರುಕು ಬಿಟ್ಟ ಪರದೆಯಲ್ಲಿ ಇದು ಮಾಮೂಲು. ಬಿದ್ದ ಮೇಲೆ ಪೂರ್ತಿ ಸತ್ತಿದ್ದರೆ ಡಿಸ್‌ಪ್ಲೇಯನ್ನು ಒಳಗಿನ ಸರ್ಕಿಟ್ ಬೋರ್ಡಿಗೆ ಜೋಡಿಸುವ ರಿಬ್ಬನ್ನಿನಂಥ ಪಟ್ಟಿ ಸಡಿಲವಾಗಿರಬಹುದು, ಅದಕ್ಕೆ ಹೊಸ ಡಿಸ್‌ಪ್ಲೇ ಬೇಕಿಲ್ಲ. ಎಲ್ಲ ಕಡೆಯೂ ಒಮ್ಮೆ ಕಡಿದು ಒಮ್ಮೆ ಕೂಡುತ್ತಿದ್ದರೆ ಚಾರ್ಜರ್, ನೀರು ಅಥವಾ ಬೋರ್ಡಿನ ಬೆಸುಗೆಯ ಕಡೆ ನೋಡಬೇಕು.

ಬೆಸುಗೆಯ ಮಾತಿಗೆ ಐಫೋನ್ 6 ಪ್ಲಸ್ ಒಳ್ಳೆಯ ಉದಾಹರಣೆ. ಪರದೆಯ ಮೇಲ್ತುದಿಯಲ್ಲಿ ಬೂದುಬಣ್ಣದ ಪಟ್ಟಿ ಮಿನುಗುವುದು, ಟಚ್ ಬಂದುಹೋಗಿ ಮಾಡುವುದು, ಇದು ಆ ಮೊಬೈಲಿನ ಕಾಯಿಲೆ. ಡಿಸ್‌ಪ್ಲೇ ಬದಲಿಸಿದರೂ ಹೋಗುತ್ತಿರಲಿಲ್ಲ. ದೊಡ್ಡದಾದ ತೆಳು ದೇಹ ಸ್ವಲ್ಪ ಸ್ವಲ್ಪವೇ ಬಾಗಿ, ಬೋರ್ಡಿನ ಮೇಲಿನ ಟಚ್ ಚಿಪ್ಪುಗಳ ಅಡಿಯ ಬೆಸುಗೆ ಬಿರುಕು ಬಿಡುತ್ತಿದೆ ಎಂದು ದುರಸ್ತಿಗಾರರು ಕಂಡುಹಿಡಿದರು. ಗಟ್ಟಿ ನೆಲದ ಮೇಲೆ ಹಲವು ಸಲ ಬಿದ್ದು, ಆಮೇಲೆ ಇನ್ನಷ್ಟು ಒತ್ತಡಕ್ಕೆ ಸಿಕ್ಕಿದ ಮೊಬೈಲ್‌ಗಳಲ್ಲಿ ಹೀಗಾಗುತ್ತದೆ ಎಂದು 2016ರ ನವೆಂಬರಿನಲ್ಲಿ ಆಪಲ್ ಹೇಳಿತು, ದುರಸ್ತಿಗೆ 149 ಡಾಲರ್ ದರ ಇಟ್ಟಿತು. ಐಫೋನ್ 11ರ ವಿಷಯದಲ್ಲಿ ಹಾಗಾಗಲಿಲ್ಲ: 2019ರ ನವೆಂಬರಿನಿಂದ 2020ರ ಮೇ ನಡುವೆ ತಯಾರಾದ ಕೆಲವದರ ಡಿಸ್‌ಪ್ಲೇಯಲ್ಲಿ ದೋಷವಿದೆ ಎಂದು ಒಪ್ಪಿಕೊಂಡು ಉಚಿತವಾಗಿ ಬದಲಿಸಿಕೊಟ್ಟಿತು. ಆದ್ದರಿಂದ ದುಡ್ಡು ತೆರುವ ಮೊದಲು ನಿಮ್ಮ ಮಾದರಿಗೆ ಇಂಥ ಯೋಜನೆಯೇನಾದರೂ ಇದೆಯೇ ಎಂದು ಕಂಪನಿಯ ಅಧಿಕೃತ ಪುಟದಲ್ಲಿ ಹುಡುಕಿ.

ಒಂದು ಲಕ್ಷಣ ಕಂಡರೆ ಯಾವ ಪರೀಕ್ಷೆಯೂ ಬೇಡ. ಮೊಬೈಲನ್ನು ಮೇಜಿನ ಮೇಲೆ ಮಲಗಿಸಿ ಪಕ್ಕದಿಂದ ನೋಡಿ. ಪರದೆಯ ಅಂಚು ಚೌಕಟ್ಟಿನಿಂದ ಎದ್ದಿದ್ದರೆ, ಹಿಂಬದಿ ಉಬ್ಬಿದ್ದರೆ, ಒಳಗೆ ಬ್ಯಾಟರಿ ಊದಿಕೊಂಡು ಡಿಸ್‌ಪ್ಲೇಯನ್ನು ದೂಡುತ್ತಿದೆ. ಒತ್ತಿ ಕೂರಿಸಲು ಹೋಗಬೇಡಿ, ಚಾರ್ಜಿಗೆ ಹಾಕಬೇಡಿ, ಆಫ್ ಮಾಡಿ ಅಂದೇ ದುರಸ್ತಿಗೆ ಕೊಡಿ. ಊದಿದ ಲಿಥಿಯಂ ಬ್ಯಾಟರಿ ತೂತಾದರೆ ಹೊತ್ತಿಕೊಳ್ಳುತ್ತದೆ. ಇಲ್ಲಿ ಮಾತ್ರ ಬ್ಯಾಕಪ್ಪಿಗಿಂತ ಮನೆಯವರ ಸುರಕ್ಷೆ ಮೊದಲು.

ನೀರಿಗೆ ಬಿದ್ದದ್ದರ ಲೆಕ್ಕವೂ ಬೇರೆ. ಕೂಡಲೇ ಆಫ್ ಮಾಡಿ, ಒರೆಸಿ, ಸಿಮ್ ಟ್ರೇ ಹೊರಗೆಳೆದು, ಗಾಳಿಯಾಡುವ ಕಡೆ ಕಿಂಡಿ ಕೆಳಮುಖವಾಗಿರುವಂತೆ ಇಡಿ. ಅಕ್ಕಿ ಡಬ್ಬಿಯಲ್ಲಿ ಹೂತಿಡುವ ಪದ್ಧತಿ ನಮ್ಮ ಮನೆಗಳಲ್ಲಿ ಬೇರೂರಿದೆ. ಅಕ್ಕಿಯ ಪುಡಿ ಒಳಗೆ ಹೋಗಿ ಹಾಳುಮಾಡುತ್ತದೆ, ಹಾಗೆ ಮಾಡಬೇಡಿ ಎಂದು ಆಪಲ್ ಕಂಪನಿಯೇ ಹೇಳಿದೆ. ಕೆಡಿಸುವುದು ನೀರಿಗಿಂತ ಹೆಚ್ಚಾಗಿ ಅದರೊಳಗಿನ ಉಪ್ಪು, ಖನಿಜ. ಒಣಗಿದ ಮೇಲೂ ಅವು ಬೋರ್ಡಿನ ಮೇಲೆ ಉಳಿದು ತುಕ್ಕು ಹಿಡಿಸುತ್ತಾ ಹೋಗುತ್ತವೆ. ಎರಡು ದಿನ ಚೆನ್ನಾಗಿದ್ದು ಮೂರನೆಯ ವಾರ ಟಚ್ ಹೋಗುವುದು ಹೀಗೆ. ಸಮುದ್ರದ ನೀರು ಬಿದ್ದಿದ್ದರೆ ಬಿಚ್ಚಿ ಶುಚಿಮಾಡಿಸಲೇಬೇಕು.

ಅಂಗಡಿಯಲ್ಲಿ

"ಮೇಲಿನ ಗಾಜು ಮಾತ್ರ ಒಡೆದಿದೆ, ಅದನ್ನಷ್ಟೇ ಬದಲಿಸಲು ಇಷ್ಟು ದುಡ್ಡೇ?" ಎಂದು ಕೇಳುವವರು ಬಹಳ. ಹಿಂದೆ ಗಾಜು, ಟಚ್, ಚಿತ್ರ ತೋರಿಸುವ ಫಲಕ ಮೂರೂ ಬೇರೆ ಬೇರೆ ಇದ್ದವು. ಈಗ ಬಹುಪಾಲು ಮೊಬೈಲ್‌ಗಳಲ್ಲಿ ಟಚ್ಚಿನ ಗೆರೆಗಳು ಫಲಕದೊಳಗೇ ಇವೆ, ಗಾಜು ಅದಕ್ಕೆ ಗಾಳಿ ಸೇರದಂತೆ ಅಂಟಿಕೊಂಡಿದೆ. ಹಾಗಾಗಿ ಎಲ್ಲವನ್ನೂ ಸೇರಿಸಿಯೇ ಬದಲಿಸುತ್ತಾರೆ, ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತಾಲ್ಲೂಕು ಕೇಂದ್ರದ ಅಂಗಡಿಯ ತನಕ ಇದಕ್ಕೆ ಕಾಂಬೊ ಅಥವಾ ಫೋಲ್ಡರ್ ಎನ್ನುತ್ತಾರೆ. ಗಾಜನ್ನು ಮಾತ್ರ ಬಿಡಿಸಿ ಅಂಟಿಸುವ ಯಂತ್ರವಿರುವ ಅಂಗಡಿಗಳೂ ಇವೆ. ಟಚ್ ಮತ್ತು ಚಿತ್ರ ಎರಡೂ ಸರಿಯಿದ್ದು ಗಾಜಷ್ಟೇ ಹೋಗಿದ್ದರೆ ಅಲ್ಲಿ ಕೇಳಬಹುದು, ಆದರೆ ಬಿಡಿಸುವಾಗ ಫಲಕ ಹೋದರೆ ಹೊಣೆ ಯಾರದೆಂದು ಮೊದಲೇ ಮಾತಾಡಿಕೊಳ್ಳಿ.

ಕಾಂಬೊ ಕಂಪನಿಯದೋ ಕಾಪಿಯೋ ಎಂದು ನೇರವಾಗಿ ಕೇಳಿ, ಬಿಲ್ಲಿನಲ್ಲಿ ಬರೆಸಿ. ಕಾಪಿ ಹಾಕಿಸಿದರೆ ಮೊಬೈಲ್ ನಿಂತೇಹೋಗುತ್ತದೆ ಎಂದಲ್ಲ. ಹಳೆಯ ಮೊಬೈಲಿಗೆ ಕೆಲವೊಮ್ಮೆ ಅದೇ ಜಾಣತನ. ಅಪಾಯ ಏನೆಂದು ತಿಳಿದಿದ್ದರೆ ಸಾಕು. 2018ರ ಮಾರ್ಚಿನಲ್ಲಿ ಐಒಎಸ್ 11.3 ಬಂದಾಗ ಹೊರಗಿನ ಡಿಸ್‌ಪ್ಲೇ ಹಾಕಿಸಿದ್ದ ಐಫೋನ್ 8ಗಳಲ್ಲಿ ಟಚ್ ಏಕಾಏಕಿ ನಿಂತಿತು, ಏಪ್ರಿಲಿನ 11.3.1 ಬಂದ ಮೇಲೆ ಮರಳಿತು. ವಾರಂಟಿ ಇರುವ ಮೊಬೈಲಾದರೆ ಮೊದಲು ಅಧಿಕೃತ ಸರ್ವೀಸ್ ಸೆಂಟರಿಗೇ ಹೋಗಿ. ಅಲ್ಲಿ ನ್ಯಾಯ ಸಿಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರಿನಲ್ಲಿ ದುರಸ್ತಿ ಹಕ್ಕಿನ ಪೋರ್ಟಲನ್ನೂ ತೆರೆದಿದೆ.

ಪಿನ್ ಹೇಳಿ ಮೊಬೈಲ್ ಬಿಟ್ಟುಬರಬೇಡಿ. ಡಿಸ್‌ಪ್ಲೇ ಬದಲಿಸಲು ಪಿನ್ ಬೇಕಿಲ್ಲ. ಟಚ್ ಸರಿಯಾಯಿತೇ ಎಂದು ಲಾಕ್ ಪರದೆಯ ಮೇಲೇ ಅವರು ನೋಡಿಕೊಳ್ಳಬಹುದು. ಮಿಕ್ಕಿದ್ದನ್ನು ನೀವು ಹೋಗಿ ನಿಂತು ನೋಡಿ. ಯಾವುದಾದರೂ ಆ್ಯಪಿನ ಚಿತ್ರವನ್ನು ಒತ್ತಿಹಿಡಿದು ಪರದೆಯ ನಾಲ್ಕೂ ಮೂಲೆಗೆ, ನಾಲ್ಕೂ ಅಂಚಿನುದ್ದಕ್ಕೂ ನಿಧಾನವಾಗಿ ಎಳೆಯಿರಿ. ಎಲ್ಲಿಯೂ ಕೈತಪ್ಪಿ ಬೀಳಬಾರದು. ಕೀಬೋರ್ಡ್ ತೆರೆದು ಮೊದಲಿಂದ ಕೊನೆಯ ತನಕ ಪ್ರತಿ ಅಕ್ಷರ ಒತ್ತಿ. ಯಾರಿಗಾದರೂ ಕರೆ ಮಾಡಿ ಕಿವಿಯ ಬಳಿ ಹಿಡಿದಾಗ ಪರದೆ ಆರುತ್ತದೆಯೇ ನೋಡಿ. ಡಿಸ್‌ಪ್ಲೇ ಬದಲಿಸುವಾಗ ಮುಖ ಹತ್ತಿರ ಬಂದದ್ದನ್ನು ಅರಿಯುವ ಸೆನ್ಸರ್ ಮುಚ್ಚಿಹೋಗುವುದುಂಟು, ಆಗ ಮಾತಾಡುತ್ತಿರುವಾಗ ಕೆನ್ನೆಯೇ ಗುಂಡಿ ಒತ್ತುತ್ತದೆ. ಕೊನೆಗೆ ಅವರ ಅಂಗಡಿಯ ಚಾರ್ಜರ್ ಸಿಕ್ಕಿಸಿ, ಅದೇ ಚಿತ್ರವನ್ನು ಮತ್ತೊಂದು ಸುತ್ತು ಎಳೆದು, ಆಮೇಲೆ ದುಡ್ಡು ಕೊಡಿ.